ಒಂದು ಮೊಳ ದೂರ

ತಲೆ ಬಗ್ಗಿಸಿ ಬನ್ನಿ, ಟಾರ್ಪಾಲಿನ ಹಗ್ಗ ಸರಿಯಾಗಿ ಹಣೆಯ ಮಟ್ಟಕ್ಕೆ ಕಟ್ಟಿದ್ದಾರೆ. ಕಾಲ ಕೆಳಗೂ ನೋಡಿಕೊಳ್ಳಿ. ನಸುಕಿನಿಂದ ಹೂವಿನ ಮೂಟೆಗಳ ಮೇಲೆ ನೀರು ಚಿಮುಕಿಸಿ ಚಿಮುಕಿಸಿ ನೆಲ ಜಾರುತ್ತಿದೆ. ಅದರ ಮೇಲೆ ಬಾಳೆಪಟ್ಟೆಯ ಚೂರು, ಚೆಂಡುಹೂವಿನ ಎಸಳು, ಯಾರೋ ಚೆಲ್ಲಿದ ಕಾಫಿ. ಮೇ ತಿಂಗಳ ಒಂದು ಗುರುವಾರ, ಆರೂಮುಕ್ಕಾಲು ಗಂಟೆ. ಹಿಂದೆ ಚಿಕ್ಕಗಡಿಯಾರದ ಮೇಲೆ ಪಾರಿವಾಳಗಳು ಇನ್ನೂ ಮೈಮುರಿಯುತ್ತಿವೆ. ಇಲ್ಲಿ ಒಳಗೆ, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ, ಆಗಲೇ ಅರ್ಧ ದಿನದ ವ್ಯಾಪಾರ ಮುಗಿದಂತಿದೆ.

ನನ್ನ ಬಲಭುಜ ಸ್ವಲ್ಪ ವಾಲಿರುವುದು ಕಂಡಿತೇ? ಅಭ್ಯಾಸಬಲ. ಏಳು ವರ್ಷದಿಂದ ಈ ಭುಜಕ್ಕೆ 200-500 ಎಂಎಂ ಲೆನ್ಸ್ ಜೋತುಬಿದ್ದಿದೆ. ಲೆನ್ಸೊಂದೇ 2.3 ಕೆಜಿ, ಕ್ಯಾಮೆರಾ ಬೇರೆ. ಇವತ್ತು ಅದನ್ನು ಮನೆಯಲ್ಲಿ ಬಿಟ್ಟು ಬಂದಿದ್ದೇನೆ. ಕ್ಯಾಮೆರಾದ ಮೂತಿಗೆ ಈಗ ಕಚ್ಚಿಕೊಂಡಿರುವುದು ಕಾಲು ಕೆಜಿಯ ಗಿಡ್ಡ ಲೆನ್ಸು, ಅಪ್ಪನ ಕಾಲದ 50 ಎಂಎಂ ನಿಕ್ಕೊರ್. ಭುಜಕ್ಕೆ ಸುದ್ದಿ ಇನ್ನೂ ಮುಟ್ಟಿಲ್ಲ. ಭಾರ ಬಂದೇ ಬರುತ್ತದೆಂದು ವಾಲಿಕೊಂಡೇ ನಡೆಯುತ್ತಿದೆ.

ಕುಂಕುಮದ ಸಾಲು ಬರುವುದರೊಳಗೆ ಕಾರಣ ಹೇಳಿಬಿಡುತ್ತೇನೆ. ಹೋದ ಭಾನುವಾರ ರಂಗನತಿಟ್ಟಿನ ದೋಣಿಯಲ್ಲಿದ್ದೆ. ದೋಣಿಯವರು ಎಂದಿನ ಬಂಡೆಯ ಎದುರು ಹುಟ್ಟು ನಿಲ್ಲಿಸಿದರು. ಬಂಡೆಯ ಮೇಲೆ ಎಂದಿನ ಮೊಸಳೆ ಬಾಯಿ ತೆರೆದು ಮಲಗಿತ್ತು. ಬಣ್ಣದ ಕೊಕ್ಕರೆಯೊಂದು ಕೊಕ್ಕಿನಲ್ಲಿ ಕಡ್ಡಿ ಕಚ್ಚಿ ಎಡದಿಂದ ತೇಲಿ ಬಂದು, ಗುಲಾಬಿ ಗರಿ ಅರಳಿಸಿ ಮರಕ್ಕಿಳಿಯಿತು. ಚಂದವೇ. ಆದರೆ ಬೆರಳು ಒತ್ತುವ ಮೊದಲೇ ಆ ಚಿತ್ರ ನನ್ನ ಹಾರ್ಡ್‌ಡಿಸ್ಕಿನ ಯಾವ ಫೋಲ್ಡರಿನಲ್ಲಿ ಎಷ್ಟು ಸಲ ಇದೆ ಎಂಬುದು ನನಗೆ ಗೊತ್ತಿತ್ತು. ಆದರೂ ಒತ್ತಿದೆ. ಟರ್ರ್ ಎಂದು ಹದಿನಾಲ್ಕು ಫ್ರೇಮು. ಆಮೇಲೆ ಆಕಳಿಕೆ ಬಂತು. ಪಕ್ಷಿತಜ್ಞ ಸಲೀಂ ಅಲಿಯವರು ಕಂಡು ಬೆರಗಾಗಿ, ಹೇಳಿ, 1940ರಲ್ಲಿ ಪಕ್ಷಿಧಾಮ ಮಾಡಿಸಿದ ನಡುಗಡ್ಡೆಗಳ ಮುಂದೆ ಕೂತು ಆಕಳಿಸಿದೆನಲ್ಲ ಎಂದು ನಾಚಿಕೆಯೂ ಆಯಿತು.

ಮನೆಗೆ ಬಂದು ಕಾರ್ಡನ್ನು ಕಂಪ್ಯೂಟರಿಗೆ ಹಾಕಲೇ ಇಲ್ಲ. ಬದಲಿಗೆ ನಮ್ಮಂಥವರೆಲ್ಲ ಮಾಡುವ ಕೆಲಸ ಮಾಡಿದೆ. ಇನ್ನೂ ಉದ್ದದ, ಇನ್ನೂ ದುಬಾರಿಯ ಲೆನ್ಸುಗಳ ಬೆಲೆ ನೋಡುತ್ತ ಕೂತೆ, ಕಂತು ಲೆಕ್ಕ ಹಾಕಿದೆ. ಹವ್ಯಾಸಕ್ಕೆ ಜ್ವರ ಬಂದಾಗ ನಮಗೆ ಗೊತ್ತಿರುವ ಕಷಾಯ ಇದೊಂದೇ. ಹೆಂಡತಿ ಹಿಂದಿನಿಂದ ಬಂದು ಪರದೆ ನೋಡಿದಳು.

“ರೀ, ಇನ್ನೂ ಎಷ್ಟು ದೂರದಿಂದ ನೋಡ್ಬೇಕು ನೀವು?”

ಅವಳು ಕೇಳಿದ್ದು ದುಡ್ಡಿನ ವಿಷಯವಾಗಿ ಇರಬಹುದು. ನನಗೆ ತಟ್ಟಿದ್ದು ಬೇರೆ ಕಡೆ. ಅವತ್ತು ರಾತ್ರಿ ಬೀರುವಿನ ಮೇಲಿನ ಬಿಸ್ಕತ್ತಿನ ಡಬ್ಬಿ ಇಳಿಸಿದೆ. ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳ ನಡುವೆ ಅಪ್ಪನ ಲೆನ್ಸು ಮಲಗಿತ್ತು. ಮುಂಗಾಜಿನ ಅಂಚಿಗೆ ಜೇಡರ ಬಲೆಯಂಥ ಬೂಷ್ಟು ಸಣ್ಣಗೆ ಹಬ್ಬಿದೆ. ಮೈಸೂರಿನ ಮಳೆಗಾಲಕ್ಕೆ ಡಬ್ಬಿಯಲ್ಲಿಟ್ಟ ಗಾಜೂ ಪೂರಾ ದಕ್ಕುವುದಿಲ್ಲ. ಬೂಷ್ಟು ಅಂಚಿನಲ್ಲೇ ಇದ್ದರೆ ಚಿತ್ರಕ್ಕೆ ಅಂಥ ತೊಂದರೆಯಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಇವತ್ತು ಬೆಳಿಗ್ಗೆ ಐದಕ್ಕೆ ಎದ್ದು ಮಾಡಿದ ಮೊದಲ ಕೆಲಸ ಫ್ಯಾನ್ ಆರಿಸಿದ್ದು. ಲೆನ್ಸ್ ಬದಲಿಸುವಾಗ ಫ್ಯಾನು ತಿರುಗುತ್ತಿದ್ದರೆ ಧೂಳು ನೇರ ಸೆನ್ಸರಿನ ಮೇಲೆ ಹೋಗಿ ಕೂರುತ್ತದೆ, ಆಮೇಲೆ ಎಲ್ಲ ಆಕಾಶಕ್ಕೂ ಅದೇ ಜಾಗದಲ್ಲಿ ಒಂದು ಮಚ್ಚೆ. ಕ್ಯಾಮೆರಾ ಆಫ್ ಮಾಡಿ, ಮೂತಿ ನೆಲಕ್ಕೆ ಹಿಡಿದು, ಉದ್ದದ್ದನ್ನು ಬಿಚ್ಚಿ, ಗಿಡ್ಡದ್ದನ್ನು ಕೂರಿಸಿದೆ. ನಿಕಾನಿನ ಲೆನ್ಸು ನೀರಿನ ಬಾಟಲಿಯ ಮುಚ್ಚಳಕ್ಕೆ ತದ್ವಿರುದ್ಧ ತಿರುಗುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿ. ಟಕ್. ಎಫ್ ಮೌಂಟ್ ಎಂಬ ಈ ಕೊಂಡಿ ಬಂದದ್ದು 1959ರಲ್ಲಿ. ಅಪ್ಪನ ಲೆನ್ಸಿನದು 1977ರಲ್ಲಿ ತಿದ್ದಿದ ಮಾದರಿ. ನನ್ನ ಡಿ750 ಕ್ಯಾಮೆರಾ ಮಾರುಕಟ್ಟೆಗೆ ಬಂದದ್ದು 2014ರಲ್ಲಿ. ಮೊಮ್ಮಗನ ಮನೆಗೆ ಬಂದ ಅಜ್ಜನಂತೆ ಲೆನ್ಸು ಒಂದಿಷ್ಟೂ ಗೊಣಗದೆ ಕೂತುಬಿಟ್ಟಿತು. ತಾನು ಯಾರೆಂದು ಹೇಳಿಕೊಳ್ಳಲು ಮಾತ್ರ ಅದಕ್ಕೆ ಬಾಯಿಲ್ಲ. ಒಳಗೆ ಚಿಪ್ಪೂ ಇಲ್ಲ, ಮೋಟಾರೂ ಇಲ್ಲ. ಮೆನುವಿಗೆ ಹೋಗಿ 50 ಎಂಎಂ, ಎಫ್ 1.4 ಎಂದು ನಾನೇ ಅದರ ಪರವಾಗಿ ಬರೆದು ಕೊಟ್ಟೆ.

ಸರಿ, ಬಂದೆವು. ನಿಲ್ಲಿ ಇಲ್ಲಿ.

ಎಡಗಡೆ ಒಬ್ಬಾತ ಸೇವಂತಿಗೆಯ ಹಾರ ಕಟ್ಟುತ್ತಿದ್ದಾನೆ, ಆಳೆತ್ತರದ ಹಾರ, ಮದುವೆಮನೆಯದು. ಮೇಲಿನ ತಗಡಿನ ತೂತಿನಿಂದ ಬಿಸಿಲ ಕೋಲೊಂದು ಇಳಿದು ಅವನ ಮೊಣಕಾಲಿನ ಮೇಲೆ ನಿಂತಿದೆ. ಕ್ಯಾಮೆರಾ ಎತ್ತಿ ಒತ್ತಿದರೆ ಟರ್ರ್ ಎಂದು ಒಂಬತ್ತು ಫ್ರೇಮು ಹೋಯಿತು! ಭಾನುವಾರದ ಸೆಟ್ಟಿಂಗ್ ಹಾಗೇ ಉಳಿದಿದೆ, ಸೆಕೆಂಡಿಗೆ ಆರೇಳು. ಅವನು ಬೆಚ್ಚಿ ತಲೆಯೆತ್ತಿದ. ಪಕ್ಕದವನು ನಕ್ಕ.

“ಏನ್ ಸಾ, ಮಿಷನ್ ಗನ್ನಾ?”

ಒಂದೊಂದೇ ಹೊಡೆಯುವಂತೆ ತಿರುಗಿಸಿಕೊಂಡೆ. ಶಟರ್ ಇನ್ನೂ 1/2000ದಲ್ಲಿದೆ, ಹಾರುವ ಕೊಕ್ಕರೆಗೆ ಇಟ್ಟದ್ದು. ಸೇವಂತಿಗೆ ಎಲ್ಲಿಗೂ ಹಾರಿಹೋಗುವುದಿಲ್ಲ, 1/250 ಸಾಕು. ಈಗ ಹಿಂಬದಿಯ ಪರದೆ ನೋಡಿ, ನಾಚಿಕೆ ಬೇಡ. ಒಂಬತ್ತರಲ್ಲಿ ಒಂದೂ ಫೋಕಸ್ ಇಲ್ಲ, ಏಕೆಂದರೆ ಫೋಕಸ್ ಮಾಡಬೇಕಾದವನು ನಾನು, ನಾನು ಮಾಡಿಲ್ಲ. ಮಸುಕಿನಲ್ಲೂ ಇನ್ನೊಂದು ಸಂಗತಿ ಕಾಣುತ್ತದೆ. ನನ್ನ ಕಣ್ಣಿಗೆ ಬಿದ್ದದ್ದು ಮೊಣಕಾಲಿನ ಮೇಲಿನ ಬಿಸಿಲು. ಚಿತ್ರದಲ್ಲಿ ಅದು ಮೂಲೆಯ ಒಂದು ಚುಕ್ಕಿ. ಅದರ ಸುತ್ತ ನೀಲಿ ಕ್ಯಾನು, ಯಾರದೋ ಮೊಣಕೈ, ಹಲ್ಲುಜ್ಜುವ ಪೇಸ್ಟಿನ ಜಾಹೀರಾತು, ನೇತುಹಾಕಿದ ಊಟದ ಕ್ಯಾರಿಯರ್. 500ಕ್ಕೆ ಎಳೆದ ಲೆನ್ಸು ಜಗತ್ತನ್ನು ನೋಡುವುದು ಸುಮಾರು 5 ಡಿಗ್ರಿಯ ಸೀಳಿನಲ್ಲಿ, ಕದದ ಸಂದಿನಿಂದ ಇಣುಕಿದಂತೆ. ಈ ಗಿಡ್ಡದ್ದು 46 ಡಿಗ್ರಿ ನೋಡುತ್ತದೆ. ಕದವನ್ನೇ ಯಾರೋ ಕಿತ್ತುಕೊಂಡು ಹೋದ ಹಾಗಿದೆ. ಏಳು ವರ್ಷ ನಾನು ಬೇಡದ್ದನ್ನೆಲ್ಲ ಲೆನ್ಸಿನಿಂದಲೇ ಕತ್ತರಿಸಿಕೊಂಡು ಬಂದವನು. ಇಲ್ಲಿ ಕತ್ತರಿಸುವುದೆಂದರೆ ಕಾಲು ಎತ್ತಿಡುವುದು.

ಎಡವದಂತೆ ಬನ್ನಿ. ಕುಂಕುಮದ ಸಾಲು ಇದೇ. ತಟ್ಟೆಯಲ್ಲಿ ಶಿಖರದಂತೆ ಜೋಡಿಸಿದ ಕೆಂಪು, ಅರಿಶಿನ, ನೇರಳೆ, ಗಿಳಿಹಸಿರು. ಈ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ, ಮೈಸೂರಿಗೆ ಬಂದ ಯಾವ ಪ್ರವಾಸಿಯೂ ಇದನ್ನು ತೆಗೆಯದೆ ರೈಲು ಹತ್ತಿಲ್ಲ. ನಾನು ತೆಗೆಯಬಾರದು ಎಂದುಕೊಂಡೇ ಬಂದದ್ದು. ಅಂಗಡಿಯಾತ ನನ್ನನ್ನು ನೋಡಿ, ಕೇಳದೆಯೇ, ತಟ್ಟೆಯೆದುರಿನ ಒಂದು ಚಪ್ಪಡಿಯತ್ತ ಗಲ್ಲ ತೋರಿಸಿದ.

“ಅಲ್ ನಿಂತ್ಕಳಿ ಸಾ. ಎಲ್ಲಾರೂ ಅಲ್ಲೇ ನಿಂತ್ಕಂಡು ತಗಿಯೋದು. ಬೆಳಕು ಚೆನ್ನಾಗ್ ಬತ್ತದೆ.”

ಕ್ಯಾಮೆರಾದವರ ಕಾಲಿಗೆ ಒಂದು ಚಪ್ಪಡಿಯೇ ಮೀಸಲಾಗಿದೆ! ರಂಗನತಿಟ್ಟಿನ ದೋಣಿ ನಿಲ್ಲುವ ಜಾಗಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ. ನಾನು ಅಲ್ಲಿ ನಿಂತೆ, ಒಂದು ತೆಗೆದೆ, ಅವನಿಗೆ ಬೇಸರವಾಗಬಾರದಲ್ಲ. ಚೆನ್ನಾಗಿಯೇ ಬಂತು, ಅದೇ ಅದರ ದೋಷ. ಮುಂದೆ ನಡೆಯೋಣ.

ಆ ವಾಸನೆ ಬಂತೇ? ಕಣ್ಣು ಮುಚ್ಚಿ ಬಂದರೂ ಇಲ್ಲಿ ನಿಲ್ಲುತ್ತೀರಿ. ಮೈಸೂರು ಮಲ್ಲಿಗೆಗೆ ಇದು ಒಳ್ಳೇ ಕಾಲ. ಬುಟ್ಟಿಯ ಮೇಲೆ ಒದ್ದೆ ಗೋಣಿ, ಗೋಣಿಯ ಕೆಳಗೆ ಬಾಯಿ ಬಿಡದ ಮೊಗ್ಗು. ಬುಟ್ಟಿಯ ಹಿಂದೆ ಮಣೆಯ ಮೇಲೆ ಕೂತಿರುವ ಅಜ್ಜಿಗೆ ಅರವತ್ತೈದೋ ಎಪ್ಪತ್ತೋ. ಒದ್ದೆ ಬಾಳೆನಾರಿನ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಇತ್ತ ಎರಡು ಮೊಗ್ಗು, ಅತ್ತ ಎರಡು ಮೊಗ್ಗು, ಒಂದು ಸುತ್ತು, ಒಂದು ಗಂಟು. ಬೆರಳುಗಳು ತಮ್ಮಷ್ಟಕ್ಕೆ ಓಡುತ್ತಿವೆ, ಆಕೆಯ ಕಣ್ಣು ದಾರಿಯಲ್ಲಿ ಹೋಗುವವರ ಮೇಲಿದೆ. ಅಂದರೆ, ನನ್ನ ಮೇಲೆ.

ಮೊದಲು ನಾನು ನಿಂತ ಜಾಗ ನೋಡಿ, ಸುಮಾರು ಐದಾರು ಮೀಟರ್ ಆಚೆ, ಕಂಬದ ಪಕ್ಕ. ಯಾರೂ ನಿಲ್ಲಿಸಲಿಲ್ಲ, ಕಾಲೇ ನಿಂತಿತು. ಉದ್ದದ ಲೆನ್ಸಿನಲ್ಲಿ ಒಂದು ಮುಖ ಫ್ರೇಮು ತುಂಬಬೇಕಾದರೆ ನಿಲ್ಲಬೇಕಾದ್ದು ಅಷ್ಟೇ ದೂರ. ಕಾಲಿಗೆ ಅದು ಬಾಯಿಪಾಠ. ಅಲ್ಲಿಂದ ಹೊಡೆದರೆ ಆಕೆಗೆ ಗೊತ್ತೂ ಆಗುವುದಿಲ್ಲ, ಹಕ್ಕಿಗೆ ಗೊತ್ತಾಗದ ಹಾಗೆ. ಗಿಡ್ಡ ಲೆನ್ಸಿನಲ್ಲಿ ಅದೇ ಮುಖಕ್ಕೆ ಅರ್ಧ ಮೀಟರಿನ ಹತ್ತಿರ ಹೋಗಬೇಕು. ಅರ್ಧ ಮೀಟರಿನಲ್ಲಿ ಕದ್ದು ನೋಡುವುದು ಎಂಬುದಿಲ್ಲ. ಅಲ್ಲಿ ಮಾತಾಡಿಸಲೇಬೇಕು.

“ಅವ್ವಾ, ಒಂದು ಪೋಟೋ ತಕ್ಕಳ್ಲಾ?”

“ಹೂ ತಕ್ಕಳಲ್ವಾ? ಬರೀ ಪೋಟೋನಾ?”

“ಹೂವೂ ತಕ್ಕತೀನಿ. ಎಷ್ಟು?”

“ಮೊಳ ಇಪ್ಪತ್ತು. ಸುಮ್ಕೆ ಚೌಕಾಸಿ ಮಾಡ್ಬ್ಯಾಡ ಕಣಪ್ಪ, ಬೆಳ್‌ಬೆಳಿಗ್ಗೆ.”

ಅವಳೆದುರು ಕುಕ್ಕರುಗಾಲಿನಲ್ಲಿ ಕೂತೆ. ಕೂತ ಮೇಲೆ ಪ್ರಪಂಚವೇ ಬೇರೆ. ಎದ್ದು ನಿಂತಾಗ ಕಿವಿಗೆ ಬೀಳುತ್ತಿದ್ದ ಗದ್ದಲವೆಲ್ಲ ತಲೆಯ ಮೇಲೆ ಹಾದುಹೋಗುತ್ತಿದೆ. ಇಲ್ಲಿ ಕೆಳಗೆ ಗೋಣಿಯಿಂದ ನೀರು ತೊಟ್ಟಿಕ್ಕುವ ಸದ್ದು, ನಾರು ಬಿಗಿಯುವಾಗಿನ ಸಣ್ಣ ಕಿರ್ರ್. ಕಾಲುಗಳ ಮೆರವಣಿಗೆ: ಹವಾಯಿ ಚಪ್ಪಲಿ, ಪಾಲಿಶ್ ಶೂ, ಬರಿಗಾಲು. ಲೆನ್ಸಿನ ಉಂಗುರ ತಿರುಗಿಸಿದೆ. ಅಪ್ಪನ ಬೆರಳು ಉಜ್ಜಿ ಉಜ್ಜಿ ರಬ್ಬರಿನ ಕಚ್ಚು ಸವೆದಿದೆ, ತಿರುಗುವುದು ಮಾತ್ರ ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ. ವ್ಯೂಫೈಂಡರಿನ ಕೆಳಮೂಲೆಯಲ್ಲಿ ಎರಡು ಬಾಣ, ನಡುವೆ ಒಂದು ಚುಕ್ಕೆ. ಚುಕ್ಕೆ ಹತ್ತಿಕೊಂಡರೆ ಫೋಕಸ್. ಹತ್ತಿತು. ಆರಿತು. ಆಕೆಯ ಕೈ ಒಂದು ಬೆರಳಗಲ ಮುಂದೆ ಬಂದರೆ ಸಾಕು, ಆರಿಹೋಗುತ್ತದೆ. ಎಫ್ 1.4ರಲ್ಲಿ ಇಷ್ಟು ಹತ್ತಿರದಿಂದ ಸ್ಪಷ್ಟವಾಗಿ ಸಿಗುವುದು ಒಂದು ಸೆಂಟಿಮೀಟರಿಗೂ ಕಡಿಮೆ. ಮೊಗ್ಗಿನ ಮೂತಿ ಸಿಕ್ಕಿದರೆ ತೊಟ್ಟು ಮಸುಕು, ತೊಟ್ಟು ಸಿಕ್ಕಿದರೆ ಉಗುರು ಮಸುಕು.

“ಅವ್ವಾ, ಒಸಿ ಅಲ್ಲಾಡ್ದಂಗಿರಿ.”

“ಅಲ್ಲಾಡ್ದಂಗೆ ಕುಂತ್ರೆ ಹೂ ಕಟ್ಟೋರ್ಯಾರು?”

ಸರಿಯಾದ ಮಾತು. ಕ್ಯಾಮೆರಾ ಇಳಿಸಿ ಸುಮ್ಮನೆ ನೋಡಿದೆ. ಎರಡು ಮೊಗ್ಗು, ಎರಡು ಮೊಗ್ಗು, ಸುತ್ತು, ಗಂಟು, ಮತ್ತೆ ಒಂದು ಎಳೆತ. ಆ ಎಳೆತದ ತುದಿಯಲ್ಲಿ, ನಾರು ಬಿಗಿಯಾದ ಮೇಲೆ ಮುಂದಿನ ಮೊಗ್ಗಿಗೆ ಕೈ ಹೋಗುವ ಮೊದಲು, ಎರಡೂ ಕೈ ಒಂದರೆಗಳಿಗೆ ನಿಲ್ಲುತ್ತವೆ. ತಾಳದ ಬಿಡುವಿನಂತೆ. ಫೋಕಸನ್ನು ಅಲ್ಲಿಗೆ ಇಟ್ಟು ಕಾದೆ. ಮೊಗ್ಗು, ಮೊಗ್ಗು, ಸುತ್ತು, ಗಂಟು, ಕ್ಲಿಕ್. ಸಿಗಲಿಲ್ಲ. ಇನ್ನೊಂದು ಸಲ. ಸಿಗಲಿಲ್ಲ. ಆರನೆಯದೋ ಏಳನೆಯದೋ ಸಿಕ್ಕಿತು. ಕೊಕ್ಕರೆಯ ಹದಿನಾಲ್ಕು ಫ್ರೇಮಿನಲ್ಲಿ ಯಾವುದೋ ಒಂದು ಚೆನ್ನಾಗಿರುತ್ತದೆಂದು ಗೊತ್ತಿರುತ್ತಿತ್ತು. ಇದು ಸಿಕ್ಕಾಗ ಮೈ ಜುಮ್ಮೆಂದಿತು, ನಿಜ ಹೇಳುತ್ತೇನೆ. ಪರೀಕ್ಷೆಯಲ್ಲಿ ಕಾಪಿ ಹೊಡೆಯದೆ ಪಾಸಾದ ಹಾಗೆ.

ಈಗ ಆಕೆ ನನ್ನ ಹೂ ಅಳೆಯುತ್ತಾಳೆ, ನೋಡಿ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಮಾಲೆ ಎಳೆದು, ಒಂದು. ಮತ್ತೆ ಎಳೆದು, ಎರಡು. ಆ ಕೈ ನನ್ನ ಲೆನ್ಸಿನ ಗಾಜಿಗೂ ಬುಟ್ಟಿಗೂ ನಡುವೆ ಬಂದಾಗ ಸುಮ್ಮನೆ ಲೆನ್ಸಿನ ಮೇಲಿನ ಅಂಕಿ ನೋಡಿದೆ. ಉಂಗುರವನ್ನು ಕೊನೆಯವರೆಗೂ ತಿರುಗಿಸಿದ್ದೇನೆ, ಇದಕ್ಕಿಂತ ಹತ್ತಿರ ಇದಕ್ಕೆ ಕಾಣದು. ಅಲ್ಲಿ ಬರೆದಿದೆ: 0.45 ಮೀಟರ್. ನಲವತ್ತೈದು ಸೆಂಟಿಮೀಟರ್ ಎಂದರೆ ಏನು? ಮೊಳ! ಜಪಾನಿನವರು ಮಲ್ಲಿಗೆ ಕೊಳ್ಳಲೆಂದು ಮಾಡಿದ ಲೆನ್ಸಲ್ಲ, ಗೊತ್ತು. ಆದರೂ ನಗು ಬಂತು. ನನ್ನ 200-500ಕ್ಕೆ 2.2 ಮೀಟರಿಗಿಂತ ಹತ್ತಿರ ಬಂದವರು ಕಾಣುವುದೇ ಇಲ್ಲ. ಹೂವಿನ ಲೆಕ್ಕದಲ್ಲಿ ಅದು ಒಂದು ಮಾರಿಗಿಂತ ಹೆಚ್ಚು. ಎರಡು ಕೈ ಚಾಚಿದರೂ ಎಟುಕದಷ್ಟು ಆಚೆ ಇದ್ದವರನ್ನು ಮಾತ್ರ ನಾನು ಇಷ್ಟು ವರ್ಷ ನೋಡುತ್ತ ಬಂದಿದ್ದೇನೆ. ಇವತ್ತು ಆಯುಧ ಬದಲಾಗಿ, ಅಳತೆಗೋಲೂ ಬದಲಾಗಿದೆ.

“ಏನ್ ನಗ್ತೀಯ? ಅಳತೆ ಕಮ್ಮಿ ಅಂತಲಾ? ತಗ, ಕೊಸರು.” ಒಂದು ಗೇಣು ಸೇರಿಸಿ ಕತ್ತರಿಸಿದಳು.

ಇಲ್ಲೊಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. 50 ಎಂಎಂ ಲೆನ್ಸಿನ ಬಗ್ಗೆ ನಮ್ಮ ಬಳಗದಲ್ಲಿ ಒಂದು ಭಕ್ತಿಪಂಥವೇ ಇದೆ. ಮನುಷ್ಯನ ಕಣ್ಣು ಕಂಡ ಹಾಗೇ ಕಾಣುತ್ತದೆ, ಛಾಯಾಗ್ರಾಹಕ ಕಾರ್ಟಿಯೇ ಬ್ರೆಸೋಂ ಬಹುತೇಕ ಇದರಲ್ಲೇ ಜೀವನ ಕಳೆದರು, ಇತ್ಯಾದಿ. ಅವರು ಕಳೆದದ್ದು ನಿಜ. ಕಣ್ಣಿನ ಮಾತು ಅರ್ಧ ಸುಳ್ಳು. ಚೌಕಟ್ಟಿನ ಕರ್ಣದ ಉದ್ದ 43 ಎಂಎಂ ಚಿಲ್ಲರೆ, ಅದರ ಹತ್ತಿರದ ಲೆನ್ಸನ್ನು ಸಾಮಾನ್ಯ ಲೆನ್ಸು ಎಂದು ಕರೆದರು, ಅಷ್ಟೇ. ಇದರಲ್ಲಿ ದೈವವೇನೂ ಇಲ್ಲ. ನಾನು ಏಳು ವರ್ಷ ಮದುವೆಮನೆಯಲ್ಲಿ 50 ಹಿಡಿದು ಬೇಸತ್ತವನಾಗಿದ್ದರೆ ಇವತ್ತು ಉದ್ದದ ಲೆನ್ಸೇ ನನ್ನನ್ನು ಎಬ್ಬಿಸುತ್ತಿತ್ತು, ಕೆರೆಯ ಏರಿಯ ಮೇಲೆ ಗಂಟೆಗಟ್ಟಲೆ ಕೂರಿಸುತ್ತಿತ್ತು. ಬೇಕಾದದ್ದು ಒಳ್ಳೆಯ ಲೆನ್ಸಲ್ಲ, ಕೈಗೆ ಒಗ್ಗದ ಲೆನ್ಸು. ಅಂಗಡಿಯವರು ಇದನ್ನು ಹೇಳುವುದಿಲ್ಲ, ಯಾಕೆಂದರೆ ಒಗ್ಗದ ಲೆನ್ಸು ಹೆಚ್ಚಾಗಿ ಮನೆಯ ಬೀರುವಿನ ಮೇಲೇ ಇರುತ್ತದೆ. ಹಾಗೆಂದು ಒಗ್ಗದ್ದೆಲ್ಲ ದಕ್ಕುತ್ತದೆ ಎಂದೂ ಅಲ್ಲ. ಗೆಳೆಯನೊಬ್ಬನಿಂದ ಫಿಶ್‌ಐ ಲೆನ್ಸು ಎರವಲು ತಂದಿದ್ದೆ, ಎರಡು ದಿನ ಎಲ್ಲರ ಮನೆಯೂ ಮಡಕೆಯಂತೆ ಕಂಡಿತು, ಮೂರನೇ ದಿನ ವಾಪಸು ಕೊಟ್ಟೆ.

ಏಳಿ, ವೀಳ್ಯದೆಲೆಯ ಕಡೆ ಹೋಗೋಣ. ಇಲ್ಲಿ ಕತ್ತಲು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿದ್ದರೂ ಎಲೆಗೆ ಬಿಸಿಲು ಆಗದು. ಗೋಣಿ, ತಗಡು, ಹಳೇ ಫ್ಲೆಕ್ಸು ಎಲ್ಲ ಹೊದಿಸಿ ತಂಪು ಮಾಡಿದ್ದಾರೆ. ಎಲೆಗಳನ್ನು ಒಂದರ ಮೇಲೊಂದು ಸುತ್ತಾಗಿ ಜೋಡಿಸುತ್ತಿರುವ ಇವರು ತಲೆ ಎತ್ತುವುದಿಲ್ಲ, “ತಕ್ಕಳಿ” ಎಂದರು, ನನಗೆ ಹೇಳಿದ್ದೋ ಗಿರಾಕಿಗೆ ಹೇಳಿದ್ದೋ ತಿಳಿಯಲಿಲ್ಲ. ಎರಡಕ್ಕೂ ಆದೀತು ಎಂದುಕೊಂಡೆ. ಇಂಥ ಜಾಗದಲ್ಲಿ ಉದ್ದದ ಲೆನ್ಸಿನ ಎಫ್ 5.6 ಎಂದರೆ ಕಿಟಕಿಯ ಒಂದು ಸರಳಿನಷ್ಟು ಬೆಳಕು. ಅಲ್ಲಿಂದ 4, 2.8, 2, 1.4 ಎಂದು ಒಂದೊಂದು ಮೆಟ್ಟಿಲಿಗೂ ಬೆಳಕು ದುಪ್ಪಟ್ಟಾಗುತ್ತ ಹದಿನಾರು ಪಟ್ಟು ಆಗುತ್ತದೆ. ಅದಕ್ಕೆ ಐಎಸ್‌ಒ 6400 ಬೇಕಾದ ಕಡೆ ಇದಕ್ಕೆ 400 ಸಾಕು. ಎಲೆಯ ನರಗಳು, ಅವುಗಳ ನಡುವಿನ ಕಡುಹಸಿರು, ಆತನ ಹೆಬ್ಬೆರಳಿನ ಸುಣ್ಣದ ಕಲೆ, ಎಲ್ಲವೂ ಮರಳು ಮರಳಾಗದೆ ಬಂದಿವೆ.

ಆಮೇಲೆ ಬುದ್ಧಿ ಬಂದು ಅಪರ್ಚರ್ ಉಂಗುರವನ್ನು 8ಕ್ಕೆ ತಿರುಗಿಸಿ, ತಗಡು ಮುಗಿದು ಬೆಳಕಿರುವಲ್ಲಿಗೆ ಬಂದೆ. ಯಾಕೆ ಎಂದರೆ, ಹಿಂದಿನ ಗೋಡೆ ಬೇಕಿತ್ತು. ನನ್ನ ಹಕ್ಕಿಗಳ ಹಿಂದೆ ಯಾವತ್ತೂ ಊರಿರಲಿಲ್ಲ. ಉದ್ದದ ಲೆನ್ಸು ಹಿಂದಿನದನ್ನೆಲ್ಲ ಹಸಿರು ಗಂಜಿ ಮಾಡಿಬಿಡುತ್ತದೆ. ಅದರಲ್ಲಿ ನಿಂತ ಕೊಕ್ಕರೆ ಕಾವೇರಿಯದೋ ಗಂಗೆಯದೋ ಹೇಳಲಾಗದು. ಇಲ್ಲಿನ ಗೋಡೆಗೆ ಅಂಥ ಗಂಜಿಯಾಗುವ ಪುರುಸೊತ್ತಿಲ್ಲ. ಧನ್ವಂತ್ರಿ ರಸ್ತೆಯ ಕಡೆಯ ಒಂದಷ್ಟು ಭಾಗ 2016ರ ಆಗಸ್ಟಿನಲ್ಲಿ ಕುಸಿದುಬಿತ್ತು. ಕೆಡವಿ ಹೊಸದಾಗಿ ಕಟ್ಟಬೇಕೋ, ಇದ್ದದ್ದನ್ನೇ ದುರಸ್ತಿ ಮಾಡಿ ಉಳಿಸಬೇಕೋ ಎಂಬ ಜಗ್ಗಾಟ ಅಲ್ಲಿಂದ ಶುರುವಾಯಿತು. ನೂರು ವರ್ಷ ದಾಟಿದ ಕಟ್ಟಡ. ಯಾವ ಅಂಗಡಿ, ಯಾವ ಕಮಾನಿನ ಕೆಳಗೆ, ಯಾರು ಕೂತಿದ್ದರು ಎಂದು ಮುಂದೆ ಯಾರಾದರೂ ಕೇಳಿದರೆ ಮಸುಕು ಚಿತ್ರ ಸಾಕ್ಷಿ ಹೇಳುವುದಿಲ್ಲ. ಮೈಸೂರಿನಲ್ಲೇ ಹುಟ್ಟಿ, 2009ರಲ್ಲಿ ತೀರಿಕೊಂಡ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿದವರಿಗೆ ಇದು ಗೊತ್ತು. ಪದ್ಮಶ್ರೀ ಪಡೆದ ಆ ಛಾಯಾಗ್ರಾಹಕರು ತೆಗೆದದ್ದು ಬಹುಪಾಲು ನಮ್ಮ ನಿಮ್ಮಂಥವರ ದಿನನಿತ್ಯವನ್ನು. ಜನ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಕೇಳುವ ಪ್ರಮೇಯವೇ ಅಲ್ಲಿಲ್ಲ. ಅವರು ಯಾವ ಲೆನ್ಸು ಹಾಕಿದ್ದರು ಎಂಬ ಯೋಚನೆ ನನಗೆ ಒಮ್ಮೆಯೂ ಬಂದಿಲ್ಲ. ಎಷ್ಟು ಹತ್ತಿರ ನಿಂತಿದ್ದರು ಎಂಬುದು ಮಾತ್ರ ಕಾಣುತ್ತದೆ.

ಸುತ್ತಿ ಮತ್ತೆ ಮಲ್ಲಿಗೆಯ ಕಡೆಗೇ ಬಂದೆವು. ಶ್! ಅಲುಗಾಡಬೇಡಿ. ಅಜ್ಜಿಯ ಬುಟ್ಟಿಯ ಪಕ್ಕ ನೋಡಿ. ಗೊರವಂಕ, ಜೋಡಿ. ಆಕೆಯ ತಿಂಡಿಯ ಪೊಟ್ಟಣದಿಂದ ಬಿದ್ದ ಚಿತ್ರಾನ್ನದ ಅಗುಳು ಹೆಕ್ಕುತ್ತಿವೆ. ನನ್ನ ಕೈ ತಾನಾಗಿ ಬ್ಯಾಗಿಗೆ ಹೋಯಿತು, ಉದ್ದದ ಲೆನ್ಸು ಇರುವ ಜಾಗಕ್ಕೆ. ಖಾಲಿ. ಅದಿದ್ದಿದ್ದರೆ ಏನಾಗುತ್ತಿತ್ತು ಎಂದು ಹೇಳಬಲ್ಲೆ: ಹಳದಿ ಕಣ್ಣಂಚು, ಕೊಕ್ಕಿನಲ್ಲೊಂದು ಅಗುಳು, ಹಿಂದೆ ಗಂಜಿ. ನಾಲ್ಕು ಹೆಜ್ಜೆ ಕುಕ್ಕರುಗಾಲಿನಲ್ಲೇ ತೆವಳಿದೆ. ಒಂದು ಹಕ್ಕಿ ಹಾರಿತು, ಇನ್ನೊಂದು ತಲೆ ಓರೆ ಮಾಡಿ ನನ್ನನ್ನು ತೂಗಿ ನೋಡಿ, ಅಗುಳೇ ಮೇಲೆಂದು ಉಳಿಯಿತು. ಚೌಕಟ್ಟಿನಲ್ಲಿ ಹಕ್ಕಿ ಬೊಟ್ಟಿನಷ್ಟು ಚಿಕ್ಕದು. ಅದರ ಮಗ್ಗುಲಲ್ಲಿ ನಾರು ಸಿಕ್ಕಿಸಿದ ಹೆಬ್ಬೆರಳು, ಕಾಲುಂಗುರ, ಸ್ಟೀಲಿನ ಲೋಟ, ಮೇಲೆ ಮಲ್ಲಿಗೆಯ ಬುಟ್ಟಿಯ ಅಂಚು, ಅದರಾಚೆ ಕಮಾನು. ಹಕ್ಕಿಯ ಚಿತ್ರವನ್ನು ಏಳು ವರ್ಷ ತೆಗೆದೆ. ಗೊರವಂಕಕ್ಕೂ ಒಬ್ಬಳು ಅಜ್ಜಿ ಇರಬಹುದೆಂದು ತಿಳಿದಿರಲಿಲ್ಲ.

“ತೋರ್ಸು, ಏನ್ ತಗದೆ ಇಷ್ಟೊತ್ತೂ.”

ಪರದೆ ತಿರುಗಿಸಿ ಹಿಡಿದೆ. ಕೈಗಳ ಚಿತ್ರ. ಕಾಲು ಮತ್ತು ಹಕ್ಕಿಯ ಚಿತ್ರ. ಆಕೆ ಕನ್ನಡಕ ಹುಡುಕಿ ಹಾಕಿಕೊಂಡಳು, ನೋಡಿದಳು, ಇನ್ನೊಮ್ಮೆ ನೋಡಿದಳು.

“ಮಕ ಎಲ್ಲಿ?”

ಏನು ಹೇಳಲಿ? ಬೆಳಕು, ತಾಳ, ಬಿಡುವು ಎಂದೆಲ್ಲ ವಿವರಿಸುವ ಧೈರ್ಯ ಬರಲಿಲ್ಲ.

“ಬರೀ ಕೈ, ಕಾಲು. ಯಾರ್ದು ಅಂತ ಗೊತ್ತಾಯ್ತದಾ? ಸರ್ಯಾಗಿ ತಗಿ.”

ನಾನು ಆ ಮೊಳದ ದೂರದಲ್ಲೇ ಮುಖಕ್ಕೆ ಫೋಕಸ್ ಮಾಡಿ ಒತ್ತಿದೆ, ತೋರಿಸಿದೆ. ಮೂಗು ದಪ್ಪ ಬಂದಿದೆ ಎಂದು ತಳ್ಳಿಹಾಕಿದಳು. ಬಂದಿತ್ತು. ಅಷ್ಟು ಹತ್ತಿರ ನಿಂತರೆ ಮೂಗು ಕಿವಿಗಿಂತ ಲೆನ್ಸಿಗೆ ಎಷ್ಟೋ ಪಾಲು ಸಮೀಪ, ದಪ್ಪ ಕಾಣದೆ ಏನು ಮಾಡೀತು? ತಪ್ಪು ಲೆನ್ಸಿನದಲ್ಲ, ನಿಂತ ಜಾಗದ್ದು. ಒಂದು ಮಾರು ಹಿಂದೆ ಸರಿದೆ. ಈಗ ಬುಟ್ಟಿ, ಮಣೆ, ತಕ್ಕಡಿ, ಆಕೆ, ಎಲ್ಲ ಸೇರಿ ಚೌಕಟ್ಟು ತುಂಬಿತು. “ತಡಿ ತಡಿ” ಎಂದಳು. ಸೆರಗು ಸರಿಮಾಡಿಕೊಂಡಳು. ಬುಟ್ಟಿಯ ಗೋಣಿ ತೆಗೆದು ಮೊಗ್ಗು ಕಾಣುವಂತೆ ಮಾಡಿದಳು. ಪಕ್ಕದ ಕನಕಾಂಬರದವಳನ್ನು ಕೂಗಿ ಆಕೆಯಿಂದ ಒಂದು ತುಂಡು ಹೂ ಇಸಕೊಂಡು ಮುಡಿದಳು. ದಿನವಿಡೀ ಮಲ್ಲಿಗೆ ಮಾರುವವಳಿಗೆ ತನ್ನ ಮಲ್ಲಿಗೆ ಬೇಡವಾಯಿತೋ ಏನೋ. ಆಮೇಲೆ ಎರಡೂ ಕೈ ತೊಡೆಯ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ನೇರ ಲೆನ್ಸಿನ ಕಣ್ಣಿಗೆ ಕಣ್ಣಿಟ್ಟು ಕೂತಳು. ಇದಕ್ಕಾದರೆ ಅಲ್ಲಾಡದೆ ಕೂತಳು.

ಫೋಟೋ ಕ್ಲಬ್ಬಿನಲ್ಲಿ ತೋರಿಸಿದರೆ ಬಿಗಿಯಾಗಿದೆ, ಸಹಜವಾಗಿಲ್ಲ ಎನ್ನುತ್ತಾರೆ. ನಾನೂ ಇನ್ನೊಬ್ಬರ ಚಿತ್ರಕ್ಕೆ ಹಾಗೇ ಅಂದಿದ್ದೇನೆ. ಎಫ್ 4, 1/125. ಒಂದೇ ಒಂದು ಫ್ರೇಮು. ಚುಕ್ಕೆ ಹತ್ತಿದ್ದು ಆರಲೇ ಇಲ್ಲ.

ನೋಡಿ ತಲೆಯಾಡಿಸಿದಳು. “ಊಂ. ಇದನ್ನ ದೊಡ್ಡದು ಮಾಡ್ಸಿ ತಂದ್ಕೊಡು. ಮನೇಲಿ ನಂದು ಒಂದೂ ಇಲ್ಲ.”

“ಎಷ್ಟು ದೊಡ್ಡದು ಅವ್ವಾ?”

ಆಕೆ ಯೋಚಿಸಲಿಲ್ಲ. ಮೊಣಕೈ ಮಡಿಲಲ್ಲಿ ಊರಿ ಕೈ ಚಾಚಿ ತೋರಿಸಿದಳು. “ಒಂದು ಮೊಳ.”

ಬ್ಯಾಗಿನಲ್ಲಿ 200-500 ಕೂರುತ್ತಿದ್ದ ಉದ್ದನೆಯ ಗುಂಡಿಯಿದೆಯಲ್ಲ, ಎರಡು ಮೊಳ ಒಂದು ಗೇಣು ಮಲ್ಲಿಗೆಯನ್ನು ಬಾಳೆಲೆ ಸಮೇತ ಅಲ್ಲಿ ಇಳಿಸಿ ಜಿಪ್ ಎಳೆದೆ. ಬನ್ನಿ, ಸ್ಟುಡಿಯೋ ಬಾಗಿಲು ತೆಗೆಯುವ ಹೊತ್ತಾಯಿತು. ಕೌಂಟರಿನ ಹುಡುಗ ಕಾರ್ಡು ತೆಗೆದುಕೊಂಡು, ಚಿತ್ರ ತೆರೆದು, ತಲೆಯೆತ್ತದೆ ಕೇಳಿದ.

“ಸೈಜ್ ಸಾರ್?”

ನಾನು ಕೌಂಟರಿನ ಗಾಜಿನ ಮೇಲೆ ಮೊಣಕೈ ಊರಿ ಕೈ ಚಾಚಿದೆ. ಅವನು ನನ್ನ ಕೈ ನೋಡಿದ, ಮುಖ ನೋಡಿದ. ಜೇಬಿನಿಂದ ಟೇಪು ತೆಗೆದು ಮೊಣಕೈಯಿಂದ ಬೆರಳ ತುದಿಗೆ ಹಿಡಿದ.

“ಹತ್ತೊಂಬತ್ತು ಇಂಚು. ಹನ್ನೆರಡು ಬೈ ಹದಿನೆಂಟು ಮಾಡ್ಲಾ?”

“ಮಾಡಪ್ಪ,” ಎಂದೆ. “ಅವರ ಕೈ ನನ್ನದಕ್ಕಿಂತ ಒಂದಿಂಚು ಗಿಡ್ಡ.”